ನಮ್ಮವರು ಅಮೃತ್ ತಗೊಂಡಿದ್ದಾರೆ, ನಾನು ತಗೊಂಡಿಲ್ಲ. ಈಗ ಒಂದು ಲೋಟ ಚಹಾ ದೊಡ್ಡ ವಿಷಯ ಆಗಿದೆ

ಝೀರಾ_ಓಣಿ

ಎಲ್ಲರಿಗೂ ನಮಸ್ಕಾರ. ಗೊತ್ತಿಲ್ಲದವರಿಗೆ: ಅಮೃತ್ ತಗೊಳ್ಳೋದು ಅಂದ್ರೆ ದೀಕ್ಷೆ ತಗೊಂಡು ಸಿಖ್ಖರ ಖಾಲ್ಸಾ ಸೇರೋದು, ಆಮೇಲೆ ಕೂದಲು ತೆಗೆಯಬಾರದು ಅನ್ನುವಂಥ ನಿಯಮ ಕಟ್ಟುನಿಟ್ಟಾಗಿ ಪಾಲಿಸಬೇಕು. ಪೋಸ್ಟ್ ಉದ್ದ ಇದೆ. ಬೇಜಾರಾದರೆ ಕೊನೆಯ ಪ್ಯಾರಾ ಮಾತ್ರ ಓದಿ.

ನಾನು ಬೀದರಿನವಳು. ನಾನಕ್ ಝೀರಾ ಗುರುದ್ವಾರದ ಹತ್ತಿರವೇ ನಮ್ಮ ತವರುಮನೆ. ಮನೆಯಲ್ಲಿ ಪಂಜಾಬಿ, ಓಣಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ. ಪಂಜಾಬಿಯ ಗುರುಮುಖಿ ಲಿಪಿ ಓದುವಾಗ ಈಗಲೂ ತಡವರಿಸುತ್ತೇನೆ. ಹೊಟ್ಟೆಯೊಳಗಿನದನ್ನು ಬರೆಯೋಕೆ ಕೈಗೆ ಬರುವುದು ಕನ್ನಡವೇ, ಅದಕ್ಕೇ ಇಲ್ಲಿ ಬಂದೆ. ಮದುವೆಯಾಗಿ ಎಂಟು ವರ್ಷ. ನಮ್ಮವರು ಲುಧಿಯಾನಾದವರು, ಕೆಲಸ ಬೆಂಗಳೂರಿನಲ್ಲಿ. ಐದು ವರ್ಷದ ಮಗ ಇದ್ದಾನೆ.

ಮದುವೆಯಾದಾಗ ಇಬ್ಬರೂ ಹೆಚ್ಚೂಕಡಿಮೆ ಒಂದೇ ತರಹದ ಸಿಖ್ಖರು. ಅವರು ಪಗಡಿ ಕಟ್ಟುತ್ತಿದ್ದರು, ಆದರೆ ಗಡ್ಡಕ್ಕೆ ಟ್ರಿಮ್ಮರ್ ಹಾಕುತ್ತಿದ್ದರು. ಕ್ರಿಕೆಟ್ ಇದ್ದ ದಿನ ಬಿಯರ್. ನಾನು ತಿಂಗಳಿಗೊಮ್ಮೆ ಹುಬ್ಬಿಗೆ ಥ್ರೆಡಿಂಗ್ ಮಾಡಿಸುತ್ತೇನೆ, ಕೂದಲ ತುದಿ ಕತ್ತರಿಸುತ್ತೇನೆ, ಭಾನುವಾರ ಹಲಸೂರು ಗುರುದ್ವಾರಕ್ಕೆ ಹೋಗುತ್ತೇನೆ, ಬೆಳಗಿನ ಪ್ರಾರ್ಥನೆ ಜಪ್‌ಜಿ ಸಾಹೇಬಿನ ಮೊದಲ ಐದು ಪೌಡಿ, ಅಂದ್ರೆ ಪದ್ಯ, ಬಾಯಿಗೆ ಬರುತ್ತದೆ. ಅಷ್ಟೇ.

ನಮ್ಮ ಅಪ್ಪನ ವಿಷಯವೂ ಹೇಳಬೇಕು. ಅಪ್ಪ ಕೂದಲು ತೆಗೆಸಿದ್ದು 1988ರಲ್ಲಿ. ಆ ಸೆಪ್ಟೆಂಬರಿನಲ್ಲಿ ಬೀದರಿನಲ್ಲಿ ಓದುತ್ತಿದ್ದ ಸಿಖ್ ಹುಡುಗರ ಮೇಲೆ ದಾಳಿ ನಡೆದು ಕೊಲೆಗಳಾದದ್ದು ನಮ್ಮ ಕಡೆಯವರಿಗೆ ಗೊತ್ತು. ಅಪ್ಪ ಹಾಗೆ ಮನೆಗೆ ಬಂದ ದಿನ ನಮ್ಮ ಬೀಜಿ, ಅಂದ್ರೆ ಅಜ್ಜಿ, ಊಟ ಮುಟ್ಟಲಿಲ್ಲವಂತೆ. ಆಮೇಲೆ ಅಪ್ಪ ಮತ್ತೆ ಬೆಳೆಸಲೇ ಇಲ್ಲ. ಆದರೆ ಸಾಯುವತನಕ ಝೀರಾದಲ್ಲಿ ಬಂದವರ ಚಪ್ಪಲಿ ಒರೆಸಿ ಇಡುವ ಸೇವೆ ತಪ್ಪಿಸಲಿಲ್ಲ. ಹಾಗಾಗಿ ಕೂದಲು ನೋಡಿ ಯಾರ ಭಕ್ತಿ ಎಷ್ಟು ಅಂತ ಅಳೆಯುವ ಅಭ್ಯಾಸ ನಮ್ಮ ಮನೆಯಲ್ಲಿ ಬೆಳೆಯಲಿಲ್ಲ.

ಎರಡು ವರ್ಷದ ಹಿಂದೆ ಮಾವನವರು ತೀರಿಕೊಂಡರು. ಅಲ್ಲಿಂದ ಇವರು ಬದಲಾದರು. ಮೊದಲು ಕಾರಿನಲ್ಲಿ ಹಾಡು ನಿಂತು ಕೀರ್ತನ್ ಬಂತು, ಆಮೇಲೆ ಟ್ರಿಮ್ಮರ್ ಡಬ್ಬಿಯೊಳಗೆ ಹೋಯಿತು. ಈ ಸಲದ ವೈಸಾಖಿ ಹಬ್ಬಕ್ಕೆ ಗೆಳೆಯರ ಜೊತೆ ಪಂಜಾಬಿನ ಆನಂದಪುರ ಸಾಹೇಬಿಗೆ ಹೋದವರು ಸಂಜೆ ಫೋನ್ ಮಾಡಿ, ಅಮೃತ್ ಛಕ್ ಲಿಯಾ, ಅಂದರು. ಧ್ವನಿ ನಡುಗುತ್ತಿತ್ತು. ನನಗೂ ಅಳು ಬಂತು, ಖುಷಿಯದ್ದೇ. ಸುಳ್ಳು ಹೇಳಲ್ಲ.

ಈಗ ಬೆಳಗಿನ 3.45ಕ್ಕೆ ಅಲಾರಂ. ಸ್ನಾನ, ನಿತ್‌ನೇಮ್ ಅಂದ್ರೆ ದಿನದ ಪ್ರಾರ್ಥನೆ. ಚಿಕನ್ ಮೊಟ್ಟೆ ಬಿಟ್ಟರು. ಇದಕ್ಕೆಲ್ಲ ನನ್ನ ತಕರಾರು ಇಲ್ಲ. ಬಿಯರ್ ಹೋದದ್ದಕ್ಕಂತೂ ನಾನೇ ಕೈ ಮುಗಿದೆ.

ತಕರಾರು ಚಹಾದ್ದು. ಮದುವೆಯಾದಾಗಿನಿಂದ ಸಂಜೆ ನಮ್ಮದು ಒಂದೇ ದೊಡ್ಡ ಸ್ಟೀಲ್ ಲೋಟ. ಶುಂಠಿ ಜಾಸ್ತಿ, ಸಕ್ಕರೆ ಕಮ್ಮಿ. ಬಾಲ್ಕನಿಯಲ್ಲಿ ಕೂತು ನಾನು ಅರ್ಧ ಕುಡಿದು ಕೊಡುತ್ತಿದ್ದೆ, ಉಳಿದದ್ದು ಅವರು. ಆನಂದಪುರದಿಂದ ವಾಪಸ್ ಬಂದ ಮೂರನೇ ದಿನ ಲೋಟ ಚಾಚಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಬಹಳ ಮೆತ್ತಗೆ ಹೇಳಿದರು, ಈಗ ಜೂಠಾ ಆಗಲ್ಲ, ನೀನು ಅಮೃತ್ ತಗೊಂಡಿಲ್ವಲ್ಲ, ಅಂತ.

ಜೂಠಾ ಅಂದ್ರೆ ಎಂಜಲು. ಶಾಲೆಯಲ್ಲಿ ನನ್ನ ಗೆಳತಿಯೊಬ್ಬಳು ನೀರಿನ ಬಾಟಲಿ ಎತ್ತಿ ಕುಡಿ, ಎಂಜಲು ಮಾಡಬೇಡ ಅನ್ನುತ್ತಿದ್ದಳು. ಮನೆಗೆ ಬಂದು ಬೀಜಿಗೆ ಹೇಳಿದರೆ, ನಮ್ಮಲ್ಲಿ ಅದೆಲ್ಲ ಇಲ್ಲ ಪುತ್, ಲಂಗರಿನಲ್ಲಿ (ಗುರುದ್ವಾರದ ಊಟದಲ್ಲಿ) ರಾಜನೂ ಅದೇ ಸಾಲು ಕೂಲಿಯೂ ಅದೇ ಸಾಲು, ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ನನ್ನ ಗಂಡನಿಗೇ ನನ್ನ ಎಂಜಲು ಆಗಲ್ಲ.

ಅತ್ತೆ ಫೋನಿನಲ್ಲಿ ಎರಡು ಪರಿಹಾರ ಕೊಟ್ಟರು. ಒಂದು, ನೀನೂ ಅಮೃತ್ ತಗೋ. ಇನ್ನೊಂದು, ಅವನು ಮೊದಲು ಕುಡಿಯಲಿ, ನೀನು ಆಮೇಲೆ ಕುಡಿ, ಅದಕ್ಕೆ ಅಡ್ಡಿ ಇಲ್ಲ. ಎರಡನೆಯದು ಕೇಳಿ ಇನ್ನೂ ಉರಿಯಿತು. ಗಂಡ ಉಂಡ ಎಲೆಯಲ್ಲಿ ಹೆಂಡತಿ ಉಣ್ಣುವ ಕಾಲಕ್ಕೆ ವಾಪಸ್ ಹೋಗಲಾ?

ನನ್ನ ಪ್ರಶ್ನೆ ಇಷ್ಟು. ನಂಬಿಕೆ ಒಂದೇ, ಆದರೆ ಒಬ್ಬರು ಮುಂದೆ ಹೋಗಿ ಇನ್ನೊಬ್ಬರು ನಿಂತಲ್ಲೇ ನಿಂತಿರುವ ಮನೆ ಯಾರದಾದರೂ ಇದೆಯಾ? ಹೇಗೆ ನಡೆಸುತ್ತೀರಿ? ಮನಸ್ಸಿಲ್ಲದೆ ನಾನು ಅಮೃತ್ ತಗೊಂಡರೆ ಅದು ಅವರಿಗೋಸ್ಕರವಾ, ಲೋಟಕ್ಕೋಸ್ಕರವಾ?

ಮಂಡ್ಯ_ಕಬ್ಬು

ನಾನು ಸಿಖ್ ಅಲ್ಲ, ತಪ್ಪಿದ್ದರೆ ಹೇಳಿ. ಆದರೆ ಮನೆಯಲ್ಲಿ ಹೇಳದೆ ಇಷ್ಟು ದೊಡ್ಡ ನಿರ್ಧಾರ ಮಾಡಿದ್ದೇ ತಪ್ಪು ಅಲ್ವಾ? ನಮ್ಮೂರಲ್ಲಿ ಅಯ್ಯಪ್ಪ ಮಾಲೆ ಹಾಕುವವರೂ ಮೊದಲು ಹೆಂಡತಿಗೆ ಹೇಳುತ್ತಾರೆ. ಅಡುಗೆ, ಮಡಿ, ಹಾಸಿಗೆ ಎಲ್ಲ ಅವಳ ಮೇಲೇ ಬೀಳುತ್ತೆ ಅಂತ ಗೊತ್ತಿರುತ್ತೆ.

ಝೀರಾ_ಓಣಿ

ಮಾಲೆಯನ್ನು 41 ದಿನಕ್ಕೋ 48 ದಿನಕ್ಕೋ ತೆಗೆಯುತ್ತಾರೆ ಅಣ್ಣ. ಇದನ್ನು ತೆಗೆಯುವುದಿಲ್ಲ. ಹೇಳಲಿಲ್ಲ ಅನ್ನುವ ನೋವು ಇದೆ, ಆದರೆ ಅಲ್ಲಿಗೆ ಹೋಗುವತನಕ ಅವರಿಗೇ ಗಟ್ಟಿ ಇರಲಿಲ್ಲವಂತೆ. ಅದನ್ನು ನಂಬುತ್ತೇನೆ.

ಜೆಸಿ_ರೋಡ್_ಅಂಕಲ್

ಬೇಟಾ, ನನಗೆ 68. ಜೆ.ಸಿ. ರಸ್ತೆಯಲ್ಲಿ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ಇತ್ತು, ಈಗ ಮಗ ನೋಡುತ್ತಾನೆ. ಕನ್ನಡ ಕಲಿತದ್ದು ಗಿರಾಕಿಗಳ ಹತ್ತಿರ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆಯಲ್ಲಿ ಉಲ್ಟಾ. 1999ರಲ್ಲಿ ಖಾಲ್ಸಾಗೆ 300 ವರ್ಷ ತುಂಬಿತಲ್ಲ, ಆ ವರ್ಷ ನನ್ನ ಹೆಂಡತಿ ಅಮೃತ್ ತಗೊಂಡಳು. ನಾನು ಇವತ್ತಿಗೂ ತಗೊಂಡಿಲ್ಲ. ಕೇಶ ಇದೆ, ಪಗಡಿ ಇದೆ, ಆದರೆ ಶನಿವಾರ ರಾತ್ರಿ ಒಂದು ಪೆಗ್ ಇತ್ತು, ಅದನ್ನು ಬಿಡೋಕೆ ಆಗಲಿಲ್ಲ. ಮೊದಲ ಎರಡು ವರ್ಷ ನರಕ. ಅವಳು ಮಾತಾಡುತ್ತಿರಲಿಲ್ಲ, ನಾನು ಬೇಕಂತಲೇ ಅವಳ ಮುಂದೆ ಗ್ಲಾಸ್ ಇಡುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆ. ಅವಳು ಭಕ್ತಿಯಲ್ಲಿ ಎತ್ತರ ಹೋಗುತ್ತಿದ್ದಾಳೆ, ನಾನು ಸಣ್ಣವನಾಗುತ್ತಿದ್ದೇನೆ ಅಂತ ಒಳಗೆ ಉರಿ. ಅವಳು ಒಂದು ದಿನವೂ ಹಾಗೆ ಅಂದಿರಲಿಲ್ಲ. ನಾನೇ ಅಂದುಕೊಂಡದ್ದು.

ಒಂದು ದಿನ ಅಂಗಡಿ ಮುಚ್ಚಿ ಬರುವಾಗ ಬಾಟಲಿಯನ್ನು ಗೆಳೆಯನ ಮನೆಯಲ್ಲಿ ಇಟ್ಟು ಬಂದೆ. ಕುಡಿಯೋದಾದರೆ ಅಲ್ಲೇ. ಮನೆಗೆ ತರಲ್ಲ. ಅವಳು ಏನೂ ಕೇಳಲಿಲ್ಲ, ಆದರೆ ಮರುದಿನ ಅಮೃತ್‌ವೇಳೆಗೆ ಎದ್ದಾಗ ನನಗೂ ಒಂದು ಲೋಟ ಹಾಲು ಕಾಯಿಸಿ ತಂದಿಟ್ಟಳು. ಬೆಳಗಿನ ನಾಲ್ಕಕ್ಕೆ! ನಾನು ಕುಡಿದು ಮತ್ತೆ ಮಲಗಿದೆ. 20 ವರ್ಷ ಮೇಲಾಯಿತು, ಈಗಲೂ ಹಾಗೇ ನಡೆದಿದೆ.

ಪುಸ್ತಕದ_ಹುಳ

ಸ್ವಲ್ಪ ನಿಯಮದ ಮಾತು, ಯಾಕೆಂದರೆ ನಿಮ್ಮವರು ಇದನ್ನು ಕೈಯಿಂದ ಕಟ್ಟಿ ಹೇಳಿದ್ದಲ್ಲ.

ಗುರುದ್ವಾರಗಳನ್ನು ನಡೆಸುವ ಶಿರೋಮಣಿ ಗುರುದ್ವಾರಾ ಪ್ರಬಂಧಕ ಕಮಿಟಿ 1945ರಲ್ಲಿ ಅಂತಿಮ ಮಾಡಿದ ಸಿಖ್ ರೆಹತ್ ಮರ್ಯಾದಾ ಅನ್ನುವ ನಿಯಮಾವಳಿ ಇದೆ. ಅದರಲ್ಲಿ ಅಮೃತಧಾರಿಗೆ ದೊಡ್ಡ ತಪ್ಪು ನಾಲ್ಕು, ಅವನ್ನು ಕುರೆಹಿತ್ ಅನ್ನುತ್ತಾರೆ: ಕೂದಲು ತೆಗೆಯೋದು, ಕುಠಾ (ಹಲಾಲ್ ಮಾಡಿದ) ಮಾಂಸ, ಗಂಡ ಹೆಂಡತಿ ಬಿಟ್ಟು ಬೇರೆಯವರ ಸಂಬಂಧ, ತಂಬಾಕು. ಇವುಗಳಲ್ಲಿ ಒಂದಾದರೂ ಆದರೆ ಮತ್ತೆ ಅಮೃತ್ ತಗೊಳ್ಳಬೇಕು. ಇದರ ಕೆಳಗೆ ಚಿಕ್ಕ ತಪ್ಪುಗಳ ಪಟ್ಟಿ. ಅದಕ್ಕೆ ತನಖಾಹ್, ಅಂದ್ರೆ ಸಂಗತ್ (ಸೇರಿದ ಸಿಖ್ ಸಭೆ) ಮುಂದೆ ಒಪ್ಪಿಕೊಂಡು ಹೇಳಿದ ಸೇವೆ ಮಾಡೋದು. ಅಮೃತ್ ತಗೊಳ್ಳದವರ ಜೂಠಾ ತಿನ್ನಬಾರದು ಅನ್ನೋದು ಈ ಎರಡನೇ ಪಟ್ಟಿಯಲ್ಲಿದೆ. ಹಾಗಾಗಿ ನಿಮ್ಮವರು ಹೇಳಿದ್ದು ಸರಿಯೇ.

ಆದರೆ ಅದೇ ಪಟ್ಟಿಯಲ್ಲಿ ಇನ್ನೇನಿದೆ ಗೊತ್ತಾ? ಮಗ ಮಗಳ ಮದುವೆಗೆ ಹಣ, ವಸ್ತು ಕೊಡೋದು ತಗೊಳ್ಳೋದು. ಗಡ್ಡಕ್ಕೆ ಬಣ್ಣ ಹಚ್ಚೋದು. ಕುಡಿಯೋದು. ವರದಕ್ಷಿಣೆ ಕಾರು ತಗೊಂಡದ್ದಕ್ಕೆ ಎಷ್ಟು ಮನೆಯಲ್ಲಿ ಇಷ್ಟು ಗಂಭೀರವಾಗಿ ಪಟ್ಟಿ ತೆಗೆದು ನೋಡಿದ್ದಾರೆ? ನಿಮ್ಮ ಮನೆ ಬಗ್ಗೆ ಹೇಳುತ್ತಿಲ್ಲ, ಸುಮ್ನೆ ಹೇಳಿದೆ.

ಮತ್ತೆ ಮದುವೆ ವಿಷಯ. ಆನಂದ್ ಕಾರಜ್, ಅಂದ್ರೆ ಸಿಖ್ ವಿಧಿಯ ಮದುವೆ, ಆಗೋಕೆ ಇಬ್ಬರೂ ಸಿಖ್ಖರಾಗಿರಬೇಕು ಅನ್ನುತ್ತದೆ, ಇಬ್ಬರೂ ಅಮೃತಧಾರಿ ಆಗಿರಬೇಕು ಅಂತ ಕಡ್ಡಾಯ ಮಾಡುವುದಿಲ್ಲ. ಕೆಲವು ಜಥಾಗಳಲ್ಲಿ (ಗುಂಪುಗಳಲ್ಲಿ) ಗಂಡ ಹೆಂಡತಿ ಒಟ್ಟಿಗೆ ಬಂದರೇನೇ ಒಳ್ಳೆಯದು ಅಂತ ಒತ್ತು ಕೊಡುತ್ತಾರೆ. ಇನ್ನು ಬಿಬೇಕ್ ಅಂತ ಪಾಲಿಸುವವರು ಅಮೃತಧಾರಿ ಮಾಡಿದ ಅಡುಗೆಯನ್ನೇ ಊಟ ಮಾಡುತ್ತಾರೆ, ಅದೂ ಕಬ್ಬಿಣದ ಪಾತ್ರೆಯಲ್ಲಿ. ಅತ್ತ ಯೋಧ ಪರಂಪರೆಯ ನಿಹಂಗರಲ್ಲಿ ಝಟ್ಕಾ (ಒಂದೇ ಏಟಿಗೆ ಕಡಿದ) ಮಾಂಸ ನಡೆಯುತ್ತದೆ. ಎಲ್ಲರೂ ಖಾಲ್ಸಾನೇ. ನಿಮ್ಮವರು ಯಾವ ದಾರಿ ಹಿಡಿದಿದ್ದಾರೆ ಅಂತ ಮೊದಲು ಕೇಳಿ. ನೀವು ಮಾಡಿದ ರೊಟ್ಟಿ ತಿನ್ನುತ್ತಾರಾ?

ಝೀರಾ_ಓಣಿ

ತಿನ್ನುತ್ತಾರೆ. ನಾಲ್ಕು ತಿನ್ನುತ್ತಿದ್ದವರು ಈಗ ಐದು ತಿನ್ನುತ್ತಾರೆ, 3.45ಕ್ಕೆ ಏಳೋದಲ್ವಾ. ಬಿಬೇಕ್ ಇಲ್ಲ. ಜೂಠಾ ಒಂದೇ. ಎರಡು ಪಟ್ಟಿ ಇದೆ ಅಂತ ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್.

ರಾಯಚೂರು_ಬಿಸಿಲು

ನೇರವಾಗಿ ಹೇಳುತ್ತೇನೆ ಮೇಡಂ, ಇವತ್ತು ಲೋಟ, ನಾಳೆ ತಟ್ಟೆ, ನಾಡಿದ್ದು ಹಾಸಿಗೆ. ಈಗಲೇ ಬೇರೆ ದಾರಿ ನೋಡಿ.

ಕರಿಕೋಟು

ಬೇರೆ ದಾರಿ ಅಂದಿದ್ದಕ್ಕೆ ಹೇಳುತ್ತೇನೆ. 1909ರ ಆನಂದ್ ಮ್ಯಾರೇಜ್ ಆಕ್ಟ್ ಮದುವೆ ವಿಧಿಗೆ ಮಾನ್ಯತೆ ಕೊಟ್ಟದ್ದು, 2012ರ ತಿದ್ದುಪಡಿ ನೋಂದಣಿಗೆ. ಅದರಲ್ಲಿ ವಿಚ್ಛೇದನ ಇಲ್ಲ. ಅದಕ್ಕೆ 1955ರ ಹಿಂದೂ ವಿವಾಹ ಕಾಯ್ದೆಗೇ ಬರಬೇಕು. ಸಿಖ್ಖರೊಬ್ಬರು ಅಮೃತ್ ತಗೊಂಡರೆ ಅದು ಮತಾಂತರ ಅಲ್ಲ, ಧರ್ಮ ಬಿಟ್ಟರು ಅನ್ನುವ ಕಾರಣ ಇಲ್ಲಿ ನಿಲ್ಲುವುದಿಲ್ಲ.

ಝೀರಾ_ಓಣಿ

ನಾನು ಚಹಾ ಬಗ್ಗೆ ಕೇಳಿದೆ, ನೀವಿಬ್ಬರೂ ಸೇರಿ ಕೋರ್ಟಿಗೆ ಕಳಿಸುತ್ತಿದ್ದೀರಿ.

ಗೋದಾವರಿ_ದಂಡೆ

ಅಕ್ಕ, ನಾನೂ ಬೀದರಿನವಳೇ, ಮದುವೆಯಾಗಿ ನಾಂದೇಡಿಗೆ ಬಂದವಳು. ನಾನು 19ನೇ ವಯಸ್ಸಿಗೆ ಅಮೃತ್ ತಗೊಂಡಿದ್ದೇನೆ. ಅಂದ್ರೆ ನಾನು ನಿಮ್ಮ ಮನೆಯಲ್ಲಿ ನಿಮ್ಮವರ ಜಾಗದಲ್ಲಿ ಇರುವವಳು. ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳಲಾ?

ನಮ್ಮವರಿಗೆ ಕೇಶ ಇದೆ, ಪಗಡಿ ಇದೆ, ದಿನಾ ಇಲ್ಲಿನ ಹಜೂರ್ ಸಾಹೇಬ್ ಗುರುದ್ವಾರದ ಮುಂದೆ ಹಾದುಹೋಗುವಾಗ ಕೈ ಮುಗಿಯುತ್ತಾರೆ. ಮತ್ತೆ ಜೇಬಿನಲ್ಲಿ ತಂಬಾಕು. ನಿಮ್ಮದು ಚಹಾ ಅಕ್ಕ, ನನ್ನದು ತಂಬಾಕು, ದೊಡ್ಡ ಪಟ್ಟಿಯದ್ದು. ಮದುವೆಯಾಗಿ ಆರು ತಿಂಗಳಿಗೆ ಅಂಗಿ ಒಗೆಯುವಾಗ ಪುಡಿಕೆ ಸಿಕ್ಕಿತು. ಬಕೆಟ್ ನೀರೆಲ್ಲ ಕಂದು ಬಣ್ಣ. ಅವತ್ತು ಅಂಗಳದಲ್ಲಿ ಕೂತು ಅತ್ತಿದ್ದೇನೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ನಾನು ಭ್ರಷ್ಟ ಆಗಿಬಿಟ್ಟೆನಾ?

ಆಮೇಲೆ ನಾನು ಏನು ಮಾಡಿದೆ ಅಂತ ಹೇಳಿದರೆ ನೀವು ನಗುತ್ತೀರಿ. ಅವರು ರಾತ್ರಿ ತಡವಾಗಿ ಬಂದರೆ ನಾನು ಸುಖ್‌ಮನಿ ಸಾಹೇಬ್ ಪ್ರಾರ್ಥನೆ ಜೋರಾಗಿ ಓದೋಕೆ ಶುರು ಮಾಡುತ್ತಿದ್ದೆ. ಅವರು ಊಟಕ್ಕೆ ಕೂತರೆ ಇನ್ನೂ ಜೋರು. ನಮ್ಮತ್ತೆ ಒಂದು ದಿನ ಕರೆದು ಹೇಳಿದರು, ಇದು ಪಾಠ್ ಓದೋದಲ್ಲ, ಗಂಡನಿಗೆ ಪಾಠ ಕಲಿಸೋದು. ಬಾಣಿಯನ್ನು (ಗುರುಗಳ ವಾಣಿಯನ್ನು) ಬಡಿಗೆ ಮಾಡಬೇಡ. ಅವರ ಬಾಯಿಂದ ಅದು ಬಂದದ್ದಕ್ಕೆ ನನಗೆ ತಟ್ಟಿತು, ನಮ್ಮವರು ಅಂದಿದ್ದರೆ ತಟ್ಟುತ್ತಿರಲಿಲ್ಲ.

ಈಗ ಜೂಠಾ ವಿಷಯ. ಒಳಗಿನಿಂದ ಅದು, ನೀನು ಹೊಲಸು ಅಂತ ಅಲ್ಲ ಅಕ್ಕ. ಅಮೃತ್ ತಗೊಂಡ ಹೊಸದರಲ್ಲಿ ಹೊಸ ಸೈಕಲ್ ಸಿಕ್ಕ ಹುಡುಗನ ತರಹ ಇರುತ್ತೇವೆ. ಎಲ್ಲಿ ಗೀರು ಬೀಳುತ್ತೋ ಅಂತ ಭಯ. ಎಲ್ಲ ಒಂದೊಂದಾಗಿ ಹಿಡಿದುಕೊಳ್ಳುತ್ತೇವೆ, ಯಾವುದು ದೊಡ್ಡದು ಯಾವುದು ಸಣ್ಣದು ಗೊತ್ತಾಗಲ್ಲ. ಮತ್ತೆ ಬೆಳಗಿನ ನಾಲ್ಕಕ್ಕೆ ಮನೆಯೆಲ್ಲ ಮಲಗಿರುವಾಗ ಒಬ್ಬರೇ ಎದ್ದು ಕೂತರೆ ಎಷ್ಟು ಒಂಟಿ ಅನಿಸುತ್ತೆ ಅಂತ ಎದ್ದವರಿಗೇ ಗೊತ್ತು. ನಿಮ್ಮವರಿಗೂ ಅದು ಇರುತ್ತೆ. ಹೇಳಲ್ಲ ಅಷ್ಟೇ.

ಚಹಾಗೆ ದಾರಿ ಸುಲಭ. ಪಾತ್ರೆಯಿಂದ ಇಳಿಸುವಾಗಲೇ ಎರಡು ಲೋಟಕ್ಕೆ ಹಾಕಿ. ಒಂದೇ ಪಾತ್ರೆ, ಒಂದೇ ಶುಂಠಿ, ಯಾರ ಬಾಯಿಯೂ ತಾಗಿರಲ್ಲ. ನಾನು ಊಟಕ್ಕೂ ಹಾಗೇ ಮಾಡುತ್ತೇನೆ, ಮೊದಲೇ ಬೇರೆ ತಟ್ಟೆಗೆ ತೆಗೆದಿಡುತ್ತೇನೆ. ಯಾರಿಗೂ ಗೊತ್ತೂ ಆಗಲ್ಲ.

ತಂಬಾಕು? ಇನ್ನೂ ಬಿಟ್ಟಿಲ್ಲ. ಮನೆಯೊಳಗೆ ತರಲ್ಲ, ಬಾಯಿ ತೊಳೆದು ಬರುತ್ತಾರೆ. ಅಷ್ಟಕ್ಕೆ ಬಂದು ನಿಂತಿದೆ.

ಗುರುಸಿಖ್_ಸೇವಕ

ಇಷ್ಟು ಚರ್ಚೆ ಯಾಕೆ? ಗಂಡ ಗುರುವಿನ ಕಡೆ ಹೋಗಿದ್ದಾನೆ, ಹೆಂಡತಿ ಹಿಂದೆ ಹೋಗಬೇಕು. ಹುಬ್ಬು ತೀಡಿಸಿಕೊಳ್ಳುವುದು ಗುರುವಿಗಿಂತ ದೊಡ್ಡದಾ? ನಮ್ಮ ಕನ್ನಡದಲ್ಲೂ ಸತಿಪತಿ ಒಂದಾದ ಭಕ್ತಿ ಅಂತಾರೆ, ಒಂದಾಗದಿದ್ದರೆ ಅಮೃತದಲ್ಲಿ ವಿಷ ಬೆರೆತಂತೆ.

ಝೀರಾ_ಓಣಿ

ಒಂದಾದ ಭಕ್ತಿ ಅಂದರೆ ಹೆಂಡತಿ ಹಿಂದೆ ಹೋಗಬೇಕು ಅಂತ ಯಾರು ಹೇಳಿದ್ದು? ಗಂಡ ಹೆಂಡತಿಗಾಗಿ ಕಾದು ನಿಲ್ಲೋದು ಅಂತಲೂ ಆಗಬಹುದಲ್ವಾ. ಮತ್ತೆ ನಾನು ಜನವಾಡಾ ನೋಡಿ ಬೆಳೆದವಳು ಸ್ವಾಮಿ. ಬೀದರಿನಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಸಿಗುತ್ತದೆ. ಮಾಯಿ ಭಾಗೋ ಕೊನೆಗಾಲ ಕಳೆದ ಊರು ಅದು. ಗುರುವನ್ನು ಬಿಟ್ಟು ಹಿಂದಿರುಗಿದ್ದ 40 ಗಂಡಸರನ್ನು ನಾಚಿಕೆಯಾಗುವಂತೆ ಬೈದು ಮತ್ತೆ ಯುದ್ಧಕ್ಕೆ ಕರೆದುಕೊಂಡು ಹೋದವಳು. ಹಿಂದೆ ಹೋಗುವ ಪಾಠ ನಮ್ಮೂರಲ್ಲಿ ಹೇಳಿಕೊಡಲಿಲ್ಲ.

ಜೆಸಿ_ರೋಡ್_ಅಂಕಲ್

ಸೇವಕ ಜೀ, ಒಂದು ಮಾತು. 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಜೀ ಕತ್ತಿ ಹಿಡಿದು ತಲೆ ಕೇಳಿದಾಗ ಐದು ಜನ ಎದ್ದರು. ಅದರಲ್ಲಿ ಒಬ್ಬರು ಈ ಹುಡುಗಿಯ ಊರಿನವರೇ, ಬೀದರಿನ ಸಾಹಿಬ್ ಚಂದ್, ಆಮೇಲೆ ಭಾಯಿ ಸಾಹಿಬ್ ಸಿಂಗ್. ಅವರು ಎದ್ದು ತಮ್ಮ ತಲೆ ಕೊಡುತ್ತೇನೆ ಅಂದರು. ಹೆಂಡತಿಯ ತಲೆ ತಂದು ಕೊಡುತ್ತೇನೆ ಅಂದರಾ? ಯಾರ ತಲೆ ಅವರದ್ದು. ನಾನು 25 ವರ್ಷದಿಂದ ನನ್ನ ತಲೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ, ಹೇಡಿ ಅನ್ನಿ. ಆದರೆ ಹೆಂಡತಿ ಹೇಳಿದಳು ಅಂತ ಕೊಟ್ಟಿದ್ದರೆ ಅದು ಅವಳಿಗೆ ಕೊಟ್ಟ ಹಾಗೆ, ಗುರುವಿಗಲ್ಲ.

ಗುರುಸಿಖ್_ಸೇವಕ

ಒತ್ತಾಯ ಮಾಡಿ ಅಂದಿಲ್ಲ. ಪ್ರಯತ್ನ ಮಾಡಲಿ ಅಂದೆ.

ಜೆಸಿ_ರೋಡ್_ಅಂಕಲ್

ಮೇಲೆ ಹೋಗಿ ನೀವು ಬರೆದದ್ದು ಓದಿ ಜೀ.

ಬ್ರಾಂಪ್ಟನ್_ಧಾರವಾಡ

ನನ್ನ ಕಥೆ ಇನ್ನೂ ವಿಚಿತ್ರ. ನಾನು ಧಾರವಾಡದ ಲಿಂಗಾಯತರ ಮನೆ ಹುಡುಗಿ, ಗಂಡ ಜಲಂಧರ್ ಕಡೆಯ ಸಿಖ್, ಈಗ ಇರುವುದು ಕೆನಡಾದಲ್ಲಿ. ಅವರು ಓದೋಕೆ ಬಂದ ಮೊದಲ ಚಳಿಗಾಲದಲ್ಲೇ ಕೂದಲು ತೆಗೆಸಿದರು. ಯಾಕೆ ಅಂತ ಇವತ್ತಿಗೂ ಪೂರ್ತಿ ಹೇಳಿಲ್ಲ. ಕೆಲಸ ಸಿಗಲಿಲ್ಲ ಅಂತ ಒಮ್ಮೆ, ಒಬ್ಬನೇ ಜಡೆ ತೊಳೆದು ಒಣಗಿಸೋಕೆ ಆಗಲಿಲ್ಲ ಅಂತ ಇನ್ನೊಮ್ಮೆ. ಊರಿಗೆ ವಿಡಿಯೋ ಕಾಲ್ ಮಾಡುವಾಗ ಮೊದಲ ಒಂದು ವರ್ಷ ಟೋಪಿ ಹಾಕಿಕೊಂಡೇ ಕೂತಿದ್ದರಂತೆ.

ಗುರುದ್ವಾರಕ್ಕೆ ಜಾಸ್ತಿ ಹೋಗುವವಳು ನಾನು. ಕೀರ್ತನ್ ಕೇಳಿದರೆ ನಮ್ಮೂರ ಭಜನೆ ನೆನಪಾಗುತ್ತದೆ, ಅಲ್ಲಿಂದ ಶುರುವಾಯಿತು. ಗುರುಮುಖಿ ಕಲಿತೆ. ಅವರು ನನ್ನನ್ನು ಬಾಗಿಲಿಗೆ ಬಿಟ್ಟು ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತಿರುತ್ತಾರೆ. ಲಂಗರಿಗೆ ಮಾತ್ರ ಬರುತ್ತಾರೆ. ಒಳಗೆ ಬಂದರೆ ಯಾರಾದರೂ ಹಿರಿಯರು ತಲೆ ನೋಡುತ್ತಾರೆ ಅಂತ ಸಂಕೋಚ. ಭಕ್ತಿ ಇಲ್ಲ ಅಂತಲ್ಲ, ನಾಚಿಕೆ. ಇದು ಅರ್ಥವಾಗೋಕೆ ನನಗೆ ನಾಲ್ಕು ವರ್ಷ ಬೇಕಾಯಿತು. ಅಲ್ಲಿಯವರೆಗೆ ಸೋಮಾರಿ ಅಂತ ಬೈಯುತ್ತಿದ್ದೆ.

ನಿಮಗೆ ಹೇಳಬೇಕು ಅನಿಸಿದ್ದು ಲಾವಾಂ ಬಗ್ಗೆ, ಮದುವೆಯಲ್ಲಿ ಗ್ರಂಥ ಸಾಹೇಬಿನ ಸುತ್ತ ನಡೆಯುವಾಗ ಹಾಡುವ ಪದಗಳು. ಮದುವೆ ದಿನ ಏನೂ ಅರ್ಥವಾಗಿರಲಿಲ್ಲ, ಆಮೇಲೆ ಕೂತು ಓದಿದೆ. ಗುರು ರಾಮದಾಸರು ಬರೆದ ನಾಲ್ಕು ಪದ, ಸೂಹಿ ರಾಗ. ಗಂಡ ಹೆಂಡತಿಗೆ ಹೀಗಿರಿ ಹಾಗಿರಿ ಅಂತ ಹೇಳಿದ್ದಲ್ಲ ಅದು, ಜೀವ ದೇವರ ಕಡೆ ಹೋಗುವ ಮೆಟ್ಟಿಲು. ಮೊದಲು ಧರ್ಮದ ಕೆಲಸ, ಕೊನೆಗೆ ಸಹಜ. ಇಬ್ಬರೂ ಒಟ್ಟಿಗೆ ಸುತ್ತುತ್ತೇವೆ ನಿಜ, ಆದರೆ ಇಬ್ಬರೂ ಯಾವಾಗಲೂ ಒಂದೇ ಮೆಟ್ಟಿಲ ಮೇಲೆ ಇರಬೇಕು ಅಂತ ನನಗೆ ಅಲ್ಲಿ ಕಾಣಲಿಲ್ಲ. ಸುತ್ತುವಾಗ ಗಂಡ ಮುಂದೆ, ಅವರ ಶಾಲಿನ ತುದಿ, ಅಂದ್ರೆ ಪಲ್ಲಾ, ಹಿಡಿದು ನಾವು ಹಿಂದೆ. ನಮ್ಮ ಮನೆಯಲ್ಲಿ ಈಗ ಪಲ್ಲಾದ ತುದಿ ಅದಲುಬದಲಾಗಿದೆ, ಗಂಟು ಬಿಚ್ಚಿಲ್ಲ.

ಲಿಂಗದೀಕ್ಷೆ ತಗೊಂಡ ನಮ್ಮಜ್ಜಿ ಪೂಜೆ ಆಗದೆ ನೀರೂ ಮುಟ್ಟುತ್ತಿರಲಿಲ್ಲ. ನಮ್ಮಜ್ಜ ಎದ್ದ ಕೂಡಲೇ ಚಹಾ ಕುಡಿದು ಹೊಲಕ್ಕೆ ಹೋಗುತ್ತಿದ್ದ. ಆ ಚಹಾ ಮಾಡಿಕೊಡುತ್ತಿದ್ದದ್ದು ಅಜ್ಜಿಯೇ, ಬಾಯಿ ತುಂಬ ಬೈಯುತ್ತಾ.

ಪುಸ್ತಕದ_ಹುಳ

ಬ್ರಾಂಪ್ಟನ್ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗುರು ಅಮರದಾಸರ ಒಂದು ಸಾಲು ಎಲ್ಲ ಮದುವೆಯಲ್ಲೂ ಹೇಳುತ್ತಾರೆ, ಏಕ್ ಜೋತ್ ದುಇ ಮೂರತಿ. ಬೆಳಕು ಒಂದು, ಮೂರ್ತಿ ಎರಡು. ಎಲ್ಲರೂ ಒಂದು ಅನ್ನೋದನ್ನು ಹಿಡಿದು ಜಗ್ಗುತ್ತಾರೆ. ಎರಡು ಅಂತಲೂ ಅಲ್ಲೇ ಇದೆ.

ಹೊಸಪೇಟೆ_ಹುಡುಗ

ಸಣ್ಣ ಡೌಟ್, ವಿಷಯ ಬದಲಾಯಿಸಿದ್ದಕ್ಕೆ ಸಾರಿ. ಅಮೃತಧಾರಿಗಳು ಧರಿಸುವ ಕಿರ್ಪಾನ್ (ಸಣ್ಣ ಕತ್ತಿ) ಇಟ್ಟುಕೊಂಡು ವಿಮಾನ ಹತ್ತೋಕೆ ಬಿಡುತ್ತಾರಾ?

ಝೀರಾ_ಓಣಿ

ನಮ್ಮ ದೇಶದೊಳಗಿನ ವಿಮಾನದಲ್ಲಿ ಬಿಡುತ್ತಾರೆ. ಅಲಗು 6 ಇಂಚು ದಾಟಬಾರದು, ಹಿಡಿ ಸೇರಿ ಒಟ್ಟು 9 ಇಂಚು. ಚಂಡೀಗಢಕ್ಕೆ ಹೋಗುವಾಗ ಇವರು ಮನೆಯಲ್ಲಿ ಮಗನ ಸ್ಕೇಲ್ ಇಟ್ಟು ಅಳೆದರು. ವಿದೇಶಕ್ಕೆ ಆಗಲ್ಲ. ತಂಗಿ ದುಬೈನಲ್ಲಿದ್ದಾಳೆ, ಆ ಜಗಳ ಇನ್ನೂ ಬಾಕಿ ಇದೆ.

ಝೀರಾ_ಓಣಿ (ಮೂರು ವಾರದ ನಂತರ)

ಕೆಲವರು ಏನಾಯ್ತು ಅಂತ ಕೇಳಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ನಾಂದೇಡಿನ ತಂಗಿ ಹೇಳಿದ, ನಾಲ್ಕಕ್ಕೆ ಒಂಟಿ ಅನಿಸುತ್ತೆ ಅನ್ನುವ ಮಾತು ತಲೆಯಿಂದ ಹೋಗಲಿಲ್ಲ. ಒಂದು ದಿನ ಅಲಾರಂಗೆ ನಾನೂ ಎದ್ದೆ. ಪಾಠ್ ಮಾಡೋಕಲ್ಲ. ಸುಮ್ನೆ ಶಾಲು ಹೊದ್ದು ಅವರ ಪಕ್ಕ ಗೋಡೆಗೆ ಒರಗಿ ಕೂತೆ. ಅವರು ಜಪ್‌ಜಿ ಓದುತ್ತಿದ್ದರು, ಐದನೇ ಪೌಡಿಯತನಕ ನಾನೂ ಹೇಳಿದೆ, ಆಮೇಲೆ ನಿದ್ದೆ ಬಂತು. ಎದ್ದಾಗ ಬೆಳಕಾಗಿತ್ತು, ತಲೆ ಕೆಳಗೆ ದಿಂಬು ಇತ್ತು.

ಆ ಭಾನುವಾರ ಲಂಗರ್ ಮುಗಿಸಿ ಹಲಸೂರು ಕೆರೆ ಹತ್ತಿರ ಕಾರು ನಿಲ್ಲಿಸಿ ಕೇಳಿದೆ, ಅಮೃತ್ ತಗೊಳ್ಳುವಾಗ ನನ್ನ ವಿಷಯ ಬಂತಾ ಅಂತ. ಬಂತಂತೆ. ಇವರೇ ಕೇಳಿದರಂತೆ, ಹೆಂಡತಿ ತಯಾರಿಲ್ಲ, ಏನು ಮಾಡಲಿ ಅಂತ. ಅಮೃತ್ ಕೊಡುವ ಐದು ಜನ, ಅಂದ್ರೆ ಪಂಜ್ ಪ್ಯಾರೆ, ಅವರಲ್ಲಿ ಒಬ್ಬರು ಹಿರಿಯರು, ನೀನು ನಿನ್ನದು ಸರಿಯಾಗಿ ಪಾಲಿಸು, ಅವರನ್ನು ಎಳೆಯಬೇಡ ಅಂದರಂತೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದೆ. ಸುಮಾರು ಹೊತ್ತು ಸ್ಟೇರಿಂಗ್ ಮೇಲಿನ ಧೂಳು ಒರೆಸುತ್ತಾ ಕೂತರು. ಹೇಳಿದ್ದರೆ ನೀನು ಯಾವತ್ತೂ ತಗೊಳ್ಳಲ್ಲ ಅಂತ ಭಯ ಆಯಿತು ಅಂದರು. ಮಾವನವರಿಗೆ ಕೊನೆಗಾಲದಲ್ಲಿ ಅಮೃತ್ ತಗೊಳ್ಳುವ ಆಸೆ ಇತ್ತಂತೆ, ಆಗಲಿಲ್ಲ. ಅದೂ ನನಗೆ ಅವತ್ತೇ ಗೊತ್ತಾದದ್ದು. ಎಂಟು ವರ್ಷ ಒಂದೇ ಲೋಟದಲ್ಲಿ ಕುಡಿದಿದ್ದೇವೆ, ಇದನ್ನು ಮಾತಾಡಿರಲಿಲ್ಲ.

ನಾನೂ ಹೇಳಿದೆ. ನೀವು ಕೈ ಹಿಂದಕ್ಕೆ ತಗೊಂಡಾಗ ನನಗೆ ಆ ಗೆಳತಿಯ ನೀರಿನ ಬಾಟಲಿ ನೆನಪಾಯಿತು ಅಂದೆ. ಅವರಿಗೆ ಅದು ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ಲುಧಿಯಾನಾದಲ್ಲಿ ಬೆಳೆದವರು, ನೀರು ಎತ್ತಿ ಕುಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಚಹಾ ಇಳಿಸುವುದು ಅವರೇ, ಎರಡು ಲೋಟಕ್ಕೆ ಹಾಕುವುದೂ ಅವರೇ. ನನ್ನ ಲೋಟಕ್ಕೆ ಶುಂಠಿ ಚೂರೆಲ್ಲ ಬೀಳುತ್ತದೆ, ಸೋಸೋಕೆ ಬರಲ್ಲ. ನಾನು ಅಮೃತ್ ತಗೊಂಡಿಲ್ಲ. ಥ್ರೆಡಿಂಗ್ ಮೊನ್ನೆಯೂ ಮಾಡಿಸಿದೆ. ಅತ್ತೆ ಇನ್ನೂ ಫೋನಿನಲ್ಲಿ ಕೇಳುತ್ತಾರೆ, ಅದಕ್ಕೆ ಇವರೇ ಏನೋ ಹೇಳುತ್ತಾರೆ.

ಹಳೇ ದೊಡ್ಡ ಲೋಟ ಮಗನ ಪಾಲಾಗಿದೆ. ಅದು ಒಂದು ಹೊಸ ತಲೆನೋವು. ನಿನ್ನೆ ಅರ್ಧ ಹಾಲು ಕುಡಿದು, ಸಾಕು ಅಂತ, ನೇರ ಅವರಪ್ಪನ ಬಾಯಿಗೇ ಹಿಡಿದ. ಅವನೂ ಅಮೃತ್ ತಗೊಂಡಿಲ್ಲವಲ್ಲ! ಇವರು ನನ್ನ ಮುಖ ನೋಡಿದರು.

ಜೆಸಿ_ರೋಡ್_ಅಂಕಲ್

ಕುಡಿದನಾ?

ಝೀರಾ_ಓಣಿ

ಕುಡಿದರು ಅಂಕಲ್. ಮೀಸೆಗೆಲ್ಲ ಕೆನೆ.